ನಾಲ್ಕು ಜನ ಮತ್ತು ನಾಗರತ್ನಮ್ಮ



ಸಮಾಜದ ನಿರೀಕ್ಷೆಗಳಿಂದ ಬಿಡಿಸಿಕೊಂಡು ತನ್ನಂತೆ ತಾನು ಬದುಕುವುದು ಹೇಗೆ ಎಂಬುದು ಈ ಸಲದ ದತ್ತಿ ಉಪನ್ಯಾಸದ ವಿಷಯ. ಇದರ ಮೇಲೆ ಮಾತಾಡುವುದು ತೀರ ಸುಲಭ, ಅದೇ ಇದರ ಅಪಾಯ. ‘ನಾಲ್ಕು ಜನ ಏನಂದಾರು ಅಂತ ನೋಡಬೇಡಿ, ನಿಮ್ಮ ಮನಸ್ಸು ಹೇಳಿದಂತೆ ನಡೆಯಿರಿ’ ಎಂದು ವೇದಿಕೆಯ ಮೇಲಿಂದ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಹೇಳಿದವನೂ ಚಪ್ಪಾಳೆ ತಟ್ಟಿದವರೂ ಮನೆಗೆ ಹೋಗಿ, ಮಗಳ ಮದುವೆಯ ಊಟದಲ್ಲಿ ಎಷ್ಟು ಬಗೆ ಸಿಹಿ ಇರಬೇಕೆಂದು ಅದೇ ನಾಲ್ಕು ಜನರನ್ನು ನೆನೆದು ಲೆಕ್ಕ ಹಾಕುತ್ತೇವೆ. ಆದ್ದರಿಂದ ಉಪದೇಶವನ್ನು ಬದಿಗಿಟ್ಟು, ಈ ಚೆನ್ನೈ ಊರಿನಲ್ಲೇ ಬಾಳಿದ ಒಬ್ಬರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ ಎಂದುಕೊಂಡಿದ್ದೇನೆ. ಅವರು ಬೆಂಗಳೂರು ನಾಗರತ್ನಮ್ಮ.

ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಆರಿಸಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಾಲವಿಧವೆಯಾಗಿ, ಇದೇ ಊರಿನ ಕಡಲ ದಂಡೆಯ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದಿ, ಮರುಮದುವೆಯಾಗಿ, 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತು, ಆಮೇಲೆ ಕನ್ನಡನಾಡಿನ ಮೂಕಿಚಿತ್ರವೊಂದರಲ್ಲಿ ನಟಿಸಿದವರು ಅವರು. ದೊಡ್ಡ ಬದುಕು, ಸಂದೇಹವಿಲ್ಲ. ಆದರೆ ಕಮಲಾದೇವಿಯವರು ಹೊಸಿಲು ದಾಟಿದಾಗ ಹೊರಗೆ ಅವರಿಗಾಗಿ ಒಂದು ರಾಷ್ಟ್ರೀಯ ಚಳವಳಿಯೇ ಕಾಯುತ್ತಿತ್ತು. ನಾಗರತ್ನಮ್ಮನವರಿಗೆ ಹಾಗೆ ಕಾಯುತ್ತಿದ್ದವರು ಯಾರೂ ಇರಲಿಲ್ಲ. ಹಳೆಯ ಕಾಲ ಅವರನ್ನು ಒಂದು ಮೂಲೆಯಲ್ಲಿ ಕೂರಿಸಿತ್ತು. ಹೊಸ ಕಾಲ ಬಂದು ಆ ಮೂಲೆಯೇ ಹೇಸಿಗೆ ಎಂದಿತು.

ಬಾಲ್ಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಂಜನಗೂಡಿನಲ್ಲಿ, ಕಪಿಲೆಯ ದಂಡೆಯಲ್ಲಿ, 1878ರ ನವೆಂಬರ್ 3ರಂದು ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ. ತಂದೆ ವಕೀಲರೆಂದು ಹೇಳುತ್ತಾರೆ. ತಾಯಿ ಮಗು ಇಬ್ಬರನ್ನೂ ಅವರು ಕೈಬಿಟ್ಟರು. ಮೈಸೂರಿನ ಆಸ್ಥಾನ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರು ಹುಡುಗಿಗೆ ಸಂಸ್ಕೃತ ಕಲಿಸಿದರು. ಏನೋ ಮನಸ್ತಾಪ ಬಂದು, ಈ ಹುಡುಗಿ ಬೀದಿಯಲ್ಲಿ ಸಗಣಿ ಎತ್ತಲಿ ಎಂದು ಅದೇ ಗುರು ಬೈದು ಕಳಿಸಿದರೆಂದೂ, ಮಗಳು ವಿದ್ವಾಂಸೆಯಾಗುವ ತನಕ ಮೈಸೂರಿಗೆ ಕಾಲಿಡುವುದಿಲ್ಲ ಎಂದು ತಾಯಿ ಶಪಥ ಮಾಡಿದಳೆಂದೂ ಕಥೆಯಿದೆ. ತಾಯಿ ಬೇಗ ತೀರಿಕೊಂಡಳು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಬಳಿ ಸಂಗೀತದ ಪಾಠವಾಯಿತು. ಅವರ ಪಾಠ ವಾಲಾಜಪೇಟೆಯ ಪರಂಪರೆಯ ಮೂಲಕ ತ್ಯಾಗರಾಜರಿಗೆ ಹೋಗಿ ಮುಟ್ಟುತ್ತದೆ. ಮೈಸೂರಿನ ನ್ಯಾಯಾಧೀಶ ನರಹರಿರಾಯರ ಆಶ್ರಯ ಸಿಕ್ಕಿತು. ಬೆಂಗಳೂರು ಬಲ್ಲವರಿಗೆ ಹನುಮಂತನಗರದ ನರಹರಿರಾಯರ ಗುಡ್ಡ ಗೊತ್ತಿರುತ್ತದೆ, ಆ ನರಹರಿರಾಯರೇ. ಇಪ್ಪತ್ತನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ ನಾಗರತ್ನಮ್ಮನವರು ಮದರಾಸಿಗೆ ಬಂದಿದ್ದರು.

ಅಂದಿನ ಮದರಾಸಿನಲ್ಲಿ ಸಂಗೀತವೆಂದರೆ ಜಾರ್ಜ್‌ಟೌನು. ವೀಣೆ ಧನಮ್ಮಾಳ್ ಅಲ್ಲಿದ್ದರು. ಶುಕ್ರವಾರದ ಸಂಜೆ ಅವರ ಮನೆಯಲ್ಲಿ ವೀಣೆ ಕೇಳುವುದಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ಉಸಿರು ಬಿಗಿಹಿಡಿದು ಕೂರುತ್ತಿದ್ದರಂತೆ. ಆ ಲೋಕಕ್ಕೆ ಇಪ್ಪತ್ತೈದರ ಆಸುಪಾಸಿನ ಕನ್ನಡದ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಗ್ರಾಮಫೋನ್ ಕಂಪನಿಯವರು ಈ ಕಡೆ ಧ್ವನಿಮುದ್ರಣಕ್ಕೆ ಬಂದ ಮೊದಲ ವರ್ಷಗಳಲ್ಲೇ ಇವರ ಪ್ಲೇಟುಗಳು ಹೊರಬಂದವು. ಎಲ್ಲೆಲ್ಲಿ ಹಾಡಿದೆ ಎಂಬುದನ್ನು ಅವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಲೆಕ್ಕದ ಪ್ರಕಾರ ಸುಮಾರು 30 ವರ್ಷಗಳಲ್ಲಿ 1,200ಕ್ಕೂ ಹೆಚ್ಚು ಕಛೇರಿಗಳು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂಬ ಹೆಸರೂ ಅವರಿಗಿದೆ. ಈ ವಿವರವನ್ನು ಸಂಗೀತದ ಸಭೆಗಳಲ್ಲಿ ನಗುತ್ತಾ ಹೇಳುತ್ತಾರೆ. ನನಗೆ ಇದು ಅವರ ಬದುಕಿನ ಬೀಗದ ಕೈ ಎನ್ನಿಸುತ್ತದೆ. ಆಸ್ಥಾನದ ಸಂಭಾವನೆ, ರಸಿಕರ ಕಾಣಿಕೆ ಎಂದು ಇನ್ನೊಬ್ಬರ ಔದಾರ್ಯವಾಗಿ ದಾಖಲಾಗುತ್ತಿದ್ದ ಹಣ, ತೆರಿಗೆ ಕಟ್ಟಿದ ದಿನ ಇವರ ದುಡಿಮೆಯಾಗಿ ಸರ್ಕಾರದ ಕಡತ ಸೇರಿತು. ಮುಂದೆ ಅವರು ಮಾಡಿದ ಒಂದೊಂದು ಕೆಲಸದ ಹಿಂದೆಯೂ ಒಂದು ಕಾಗದವಿದೆ: ಮುದ್ರಿತ ಪೀಠಿಕೆ, ಮನವಿ ಪತ್ರ, ಕ್ರಯಪತ್ರ, ಮರಣಶಾಸನ. ಧೈರ್ಯಶಾಲಿಗಳನ್ನು ಹೊಗಳುವಾಗ ನಾವು ಎದೆಗಾರಿಕೆಯನ್ನು ಹೇಳುತ್ತೇವೆ, ದಸ್ತಾವೇಜನ್ನು ಮರೆಯುತ್ತೇವೆ.

ಈಗ ಆ ನಾಲ್ಕು ಜನರ ಹತ್ತಿರ ಬರೋಣ. ಇವರ ವಿಷಯದಲ್ಲಿ ಆ ನಾಲ್ಕು ಜನ ಊರ ಹರಟೆಕಟ್ಟೆಯವರಲ್ಲ, ಅವರಿಗೆ ಹೆಸರುಗಳಿವೆ. ಮೊದಲ ಹೆಸರಿಗೆ ಬರುವ ಮುನ್ನ ಒಂದು ಪುಸ್ತಕದ ಕಥೆ ಹೇಳಬೇಕು.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿಯಿದ್ದಳು. ಆಕೆಯೂ ದೇವದಾಸಿ ಮನೆತನದವಳು. ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರ ಪ್ರಬಂಧವನ್ನು ಬರೆದಳು. ತಾನೇ ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ರಾಧೆ ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಆಮೇಲೆ ಸಂಕಟ ತಾಳಲಾರದೆ ಮುನಿಯುತ್ತಾಳೆ. ಕೃಷ್ಣ ಬಂದು ರಮಿಸಬೇಕಾಗುತ್ತದೆ. ಬಯಕೆ ಇಲ್ಲಿ ಹೆಣ್ಣಿನದು, ಸಿಟ್ಟೂ ಹೆಣ್ಣಿನದು. 1887ರಲ್ಲಿ ಪೈಡಿಪಾಟಿ ವೆಂಕಟನರಸು ಎಂಬುವರು ಇದನ್ನು ಅಚ್ಚು ಹಾಕಿಸಿದರು, ಆದರೆ ಪೀಠಿಕೆಯ ಭಾಗವನ್ನೂ ಕೆಲವು ಪದ್ಯಗಳನ್ನೂ ಬಿಟ್ಟು. ಬಿಟ್ಟದ್ದು ಯಾವ ಭಾಗ ನೋಡಿ: ಕವಯಿತ್ರಿ ತನ್ನ ತಾಯಿ, ಅಜ್ಜಿಯರ ವಂಶವನ್ನು ಹೆಮ್ಮೆಯಿಂದ ಹೇಳಿಕೊಂಡ ಭಾಗ.

ಆಂಧ್ರದ ಕವಿಚರಿತೆ ಬರೆದ ಕಂದುಕೂರಿ ವೀರೇಶಲಿಂಗಂ ಪಂತುಲು ಈ ಕಾವ್ಯವನ್ನೂ ಕವಯಿತ್ರಿಯನ್ನೂ ಕಟುವಾಗಿ ಟೀಕಿಸಿದರು. ಹೆಂಗಸಿನ ಬಾಯಲ್ಲಿ ಬರಬಾರದ ಮಾತು, ಹೆಂಗಸರ ಕಿವಿಗೆ ಬೀಳಬಾರದ ಮಾತು ಎಂಬುದು ಅವರ ಆಕ್ಷೇಪದ ಸಾರ. ವೀರೇಶಲಿಂಗಂ ಸಣ್ಣ ಮನುಷ್ಯರಲ್ಲ. ವಿಧವೆಯರಿಗೆ ಮದುವೆ ಮಾಡಿಸಿದವರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಅವರನ್ನು ಖಳನಾಯಕನನ್ನಾಗಿ ಮಾಡಿ ಈ ಕಥೆ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಮೇಲೆ ನಿಜಕ್ಕೂ ಭಾರ ಹೇರುವ ನಿರೀಕ್ಷೆಗಳು ಕೆಟ್ಟವರಿಂದ ಬರುವುದು ಕಡಿಮೆ. ಕೆಟ್ಟವರನ್ನು ಬೈದು ಬಿಡಬಹುದು. ಒಳ್ಳೆಯವರು, ನಮ್ಮ ಏಳಿಗೆಯನ್ನೇ ಬಯಸುವವರು, ‘ನೀನು ಹೀಗಿದ್ದರೆ ಚೆನ್ನ’ ಎಂದಾಗಲೇ ಬಿಡಿಸಿಕೊಳ್ಳುವುದು ಕಷ್ಟ.

ನಾಗರತ್ನಮ್ಮನವರು ಮೂಲದ ಪ್ರತಿಗಳನ್ನು ಹುಡುಕಿ, ಪಾಠ ಹೋಲಿಸಿ, ಬಿಟ್ಟುಹೋದುದನ್ನು ಸೇರಿಸಿ, 1910ರಲ್ಲಿ ಇಡೀ ಕಾವ್ಯವನ್ನು ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪ್ರಕಟಿಸಿದರು. ಮನೆಮಾತು ಕನ್ನಡವಾದ ಒಬ್ಬ ಗಾಯಕಿ ತೆಲುಗು ಗ್ರಂಥ ಸಂಪಾದನೆಗೆ ಕೈಹಾಕಿದ್ದೇ ಪಂಡಿತರಿಗೆ ಇರಿಸುಮುರಿಸು. ಸಾಲದ್ದಕ್ಕೆ ಪೀಠಿಕೆಯಲ್ಲಿ ವೀರೇಶಲಿಂಗಂ ಅವರನ್ನೇ ಎದುರಿಸಿದರು. ಲಜ್ಜೆ ಎನ್ನುವುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಬೇಡವೇ ಎಂಬುದು ಅವರ ಪ್ರಶ್ನೆ. ಇದಕ್ಕಿಂತ ಹಸಿಯಾದ ‘ವೈಜಯಂತೀ ವಿಲಾಸ’ವನ್ನು ಪಂತುಲು ಅವರೇ ತಿದ್ದಿ ಅಚ್ಚಿಗೆ ಒಪ್ಪಿಸಿದ್ದಾರಲ್ಲ, ಅದು ಗಂಡಸಿನ ಕಾವ್ಯವೆಂದು ನಡೆಯಿತೇ ಎಂದು ಉದಾಹರಣೆ ಸಮೇತ ಕೇಳಿದರು. ಈ ವಾದದಲ್ಲಿ ಅಳಲು ಇಲ್ಲ. ಎದುರಾಳಿಯ ಪುಸ್ತಕವನ್ನೇ ತೆರೆದು ತೋರಿಸುವ ವಕೀಲಿಕೆ ಇದೆ. ತಂದೆಯಿಂದ ಬಂದದ್ದು ಅದೊಂದೇ ಇರಬೇಕು ಎಂದು ನಾನು ತಮಾಷೆಗೆ ಅಂದುಕೊಳ್ಳುವುದುಂಟು.

ಸರ್ಕಾರಕ್ಕೆ ದೂರು ಹೋಯಿತು. ಸರ್ಕಾರದ ತೆಲುಗು ಭಾಷಾಂತರಕಾರರು ಕೆಲವು ಪದ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ, ಅಶ್ಲೀಲವೆಂದು ಷರಾ ಬರೆದರು. ಪರದೇಶದ ಅಧಿಕಾರಿಯೊಬ್ಬ ರಾಧೆಯ ಮುನಿಸನ್ನು ಸರ್ಕಾರಿ ಇಂಗ್ಲಿಷಿನಲ್ಲಿ ಓದಿದರೆ ಅವನಿಗೆ ಇನ್ನೇನು ಕಂಡೀತು? 1911ರಲ್ಲಿ ನಿಷೇಧವಾಯಿತು, ಪ್ರತಿಗಳನ್ನು ಪೊಲೀಸರು ಒಯ್ದರು. ಪಂಡಿತರು, ಪ್ರಕಾಶಕರು ಮನವಿ ಸಲ್ಲಿಸಿದರೂ ನಡೆಯಲಿಲ್ಲ. ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನಿಯಾಗಿ 1946-47ರಲ್ಲಿ ನಿಷೇಧ ತೆಗೆಯುವ ತನಕ ಪುಸ್ತಕ ಕತ್ತಲೆಯಲ್ಲೇ ಇತ್ತು. 32ನೆಯ ವಯಸ್ಸಿನಲ್ಲಿ ಪ್ರಕಟಿಸಿದ ಪುಸ್ತಕ ಕಾನೂನಿನ ಕಣ್ಣಿಗೆ ನಿರ್ದೋಷಿಯಾದಾಗ ಅವರಿಗೆ 70 ಹತ್ತಿರವಾಗಿತ್ತು.

ಎರಡನೆಯ ಪ್ರಸಂಗ ಇನ್ನೂ ಕಷ್ಟದ್ದು. ಇಲ್ಲಿ ಎದುರಿಗಿದ್ದವರು ನಾನು ಅಷ್ಟೇ ಗೌರವಿಸುವ ಇನ್ನೊಬ್ಬ ಹೆಣ್ಣುಮಗಳು, ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಮುಂದೆ ಹಾದುಹೋಗುವ ನಿಮಗೆಲ್ಲ ಅವರ ಹೆಸರು ಗೊತ್ತು. 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಗಂಡುಹುಡುಗರ ಕಾಲೇಜಿನಲ್ಲಿ ಓದಿ, 1912ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ, ಮದರಾಸು ಶಾಸನ ಪರಿಷತ್ತಿನ ಉಪಾಧ್ಯಕ್ಷೆಯೂ ಆದರು. 1927ರಲ್ಲಿ ಅವರು ಪರಿಷತ್ತಿನಲ್ಲಿ, ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ನಿಲ್ಲಿಸಬೇಕೆಂದು ಗೊತ್ತುವಳಿ ಮಂಡಿಸಿದರು. ಇದು ಹೊಸ ವಿಚಾರವೇನಲ್ಲ. ನಮ್ಮ ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು.

ಮದರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಎದುರು ನಿಂತರು. ಮುಂದಾಳುಗಳಲ್ಲಿ ನಾಗರತ್ನಮ್ಮನವರೂ ಇದ್ದರು. ಕಾನೂನು ಸದಸ್ಯರಾಗಿದ್ದ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರಿಗೆ ಮನವಿ ಹೋಯಿತು. ನಮ್ಮನ್ನು ಸಾರಾಸಗಟಾಗಿ ವೇಶ್ಯೆಯರೆಂದು ಕರೆಯಬೇಡಿ, ನಮ್ಮದು ಪೂಜೆ ಮತ್ತು ಕಲೆಯ ವೃತ್ತಿ, ಕೆಟ್ಟದ್ದು ಸೇರಿದ್ದರೆ ವಿದ್ಯೆ ಕೊಟ್ಟು ಸರಿಮಾಡಿ, ನಮ್ಮ ಹೊಟ್ಟೆಪಾಡನ್ನೂ ಮಾನವನ್ನೂ ಒಟ್ಟಿಗೇ ಕಿತ್ತುಕೊಳ್ಳಬೇಡಿ ಎಂಬುದು ಅದರ ತಾತ್ಪರ್ಯ. ಪರಿಷತ್ತಿನಲ್ಲಿ ಇವರ ಮಾತು ಗೆಲ್ಲಲಿಲ್ಲ. 1929ರ ಕಾಯಿದೆ ತಿದ್ದುಪಡಿ ದೇವಸ್ಥಾನದ ಇನಾಂ ಭೂಮಿಯನ್ನು ಸೇವೆಯ ಕಟ್ಟಿನಿಂದ ಬಿಡಿಸಿತು. 1947ರ ಕಾಯಿದೆ ಅರ್ಪಣೆಯನ್ನೇ ಅಪರಾಧವೆಂದಿತು.

ಯಾರು ಸರಿ? ದೇವಸ್ಥಾನದ ಹೆಸರಿನಲ್ಲಿ ಎಳೆಯ ಹುಡುಗಿಯರ ಬದುಕು ಏನಾಗುತ್ತಿತ್ತು ಎಂಬುದನ್ನು ಡಾಕ್ಟರಾಗಿ ಕಂಡ ಮುತ್ತುಲಕ್ಷ್ಮಿಯವರ ಕಳವಳ ನಿಜವಾದದ್ದು. ಇಂದಿಗೂ ಬಳ್ಳಾರಿ, ಬೆಳಗಾವಿ ಕಡೆಯ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಪಾಡನ್ನು ಬಲ್ಲ ನಾವು ಆ ಕಾಯಿದೆ ಬೇಡವಿತ್ತು ಎಂದು ಹೇಳಲಾರೆವು. ನಾನಂತೂ ಹೇಳಲಾರೆ. ಕರ್ನಾಟಕವೂ 1982ರಲ್ಲಿ ಅಂಥದೇ ಕಾಯಿದೆ ಮಾಡಬೇಕಾಯಿತು. ಆದರೆ ನಾಗರತ್ನಮ್ಮನವರ ಎದುರಿಗಿದ್ದ ಆಯ್ಕೆಯನ್ನು ಗಮನಿಸಿ. 1927ರಲ್ಲಿ ಅವರಿಗೆ ಹೆಸರಿತ್ತು, ಹಣವಿತ್ತು, ಬಿರುದುಗಳಿದ್ದವು. ಸುಧಾರಕರ ಪಕ್ಕ ನಿಂತು ‘ನಾನು ಆ ಕೆಸರಿನಿಂದ ಎದ್ದು ಬಂದವಳು’ ಎಂದಿದ್ದರೆ ಮರುದಿನ ಪತ್ರಿಕೆಗಳು ಹೊಗಳುತ್ತಿದ್ದವು. ಸಮಾಜ ಅವರಿಂದ ಬಯಸಿದ್ದೂ ಅದನ್ನೇ. ಎದ್ದು ಬಂದವರನ್ನು ಸಮಾಜ ಬಹಳ ಪ್ರೀತಿಸುತ್ತದೆ. ಬರುವಾಗ ತಾಯಿಯ ಹೆಸರನ್ನು ಅಲ್ಲೇ ಬಿಟ್ಟು ಬರಬೇಕು, ಅಷ್ಟೆ. ಮುದ್ದುಪಳನಿಯ ಅಜ್ಜಿ ತಾಯಂದಿರ ಹೆಸರನ್ನು ಅಚ್ಚಿನಲ್ಲಿ ಮರಳಿ ಕೂಡಿಸಿದವರು ಪುಟ್ಟಲಕ್ಷ್ಮಿಯ ಹೆಸರನ್ನು ಬಿಟ್ಟು ಬರುವುದು ಸಾಧ್ಯವಿರಲಿಲ್ಲ. ಮುತ್ತುಲಕ್ಷ್ಮಿಯವರು ತಾಯಿಯ ಲೋಕದಿಂದ ಹೊರಬರುವುದರಲ್ಲಿ ತಮ್ಮ ಬದುಕನ್ನು ಕಂಡುಕೊಂಡರು, ನಾಗರತ್ನಮ್ಮನವರು ಅಲ್ಲೇ ನಿಲ್ಲುವುದರಲ್ಲಿ. ಒಂದೇ ಊರು, ಒಂದೇ ವರ್ಷ. ತನ್ನಂತೆ ತಾನು ಬದುಕುವುದಕ್ಕೆ ಒಂದೇ ದಾರಿ ಎನ್ನುವವರು ಈ ಇಬ್ಬರನ್ನೂ ಒಟ್ಟಿಗೆ ನೋಡಬೇಕು.

ಇನ್ನು ತಿರುವಯ್ಯಾರು. ತ್ಯಾಗರಾಜರು 1847ರ ಜನವರಿ 6ರಂದು ಅಲ್ಲಿ ಸಿದ್ಧಿಯಾದರು. ಸಮಾಧಿ ಪಾಳುಬಿದ್ದಿತ್ತು, 1903ರಲ್ಲಿ ಉಮಯಾಳ್‌ಪುರದ ಭಾಗವತರು ಅದನ್ನು ಹುಡುಕಿ ಒಂದಿಷ್ಟು ದುರಸ್ತಿ ಮಾಡಿಸಿದರು. ಆಮೇಲೆ ವರ್ಷವರ್ಷ ಆರಾಧನೆ ಶುರುವಾಯಿತು. ಆರಾಧನೆ ಎಂದಮೇಲೆ ಪಕ್ಷಗಳೂ ಹುಟ್ಟಿದವು: ದೊಡ್ಡ ಕಟ್ಚಿ, ಚಿಕ್ಕ ಕಟ್ಚಿ ಎಂದು ಎರಡು ಬಣ. ಸಮಾರಾಧನೆಯ ಊಟ ಎಲ್ಲಿ, ಯಾರು ಯಾವ ದಿನ ಹಾಡಬೇಕು ಎಂದು ಬಡಿದಾಡುತ್ತಿದ್ದ ದೊಡ್ಡವರಿಗೆ ಸಮಾಧಿಯ ಸುತ್ತ ಬೆಳೆದ ಮುಳ್ಳು ಕಾಣುತ್ತಿರಲಿಲ್ಲ. ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರು ಆ ಸ್ಥಿತಿಯನ್ನು ನಾಗರತ್ನಮ್ಮನವರಿಗೆ ತಿಳಿಸಿದರು. ತ್ಯಾಗರಾಜರೇ ಕನಸಿನಲ್ಲಿ ಬಂದು ಹೇಳಿದರೆಂದು ನಾಗರತ್ನಮ್ಮನವರು ಹೇಳಿಕೊಂಡಿದ್ದಾರೆ. ಕನಸನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕನಸಿನ ಮರುದಿನ ಅವರು ಹಿಡಿದ ದಾರಿ ಮಾತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿ. ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಒಡವೆ ಮಾರಿದರು. 1921ರಲ್ಲಿ ಅಸ್ತಿಭಾರ ಹಾಕಿಸಿ, ಗುಡಿ ಕಟ್ಟಿಸಿ, 1925ರ ಜನವರಿ 7ರಂದು ಕುಂಭಾಭಿಷೇಕ ಮಾಡಿಸಿದರು.

ಗುಡಿ ಕಟ್ಟಿಸಿದ ಹೆಂಗಸಿಗೆ ಆ ಗುಡಿಯ ಮುಂದೆ ಹಾಡುವ ಅವಕಾಶವಿರಲಿಲ್ಲ. ಎರಡೂ ಬಣದವರು ಉಳಿದ ಎಲ್ಲದರಲ್ಲಿ ಜಗಳವಾಡಿದರೂ, ಹೆಂಗಸರು ಹಾಡಕೂಡದು ಎಂಬ ಒಂದರಲ್ಲಿ ಒಮ್ಮತದಿಂದಿದ್ದರು. 1927ರಲ್ಲಿ ನಾಗರತ್ನಮ್ಮನವರು ಮೂರನೆಯ ಬಣ ಕಟ್ಟಿದರು, ಪೆಣ್‌ಗಳ್ ಕಟ್ಚಿ, ಹೆಂಗಸರ ಪಕ್ಷ. ಗಂಡಸರು ಮುಂದೆ ಹಾಡುತ್ತಿದ್ದರೆ ಇವರು ಗುಡಿಯ ಹಿಂಬದಿಯಲ್ಲಿ ಸಂಗೀತ, ಹರಿಕಥೆ ನಡೆಸಿದರು. ನಾಗರತ್ನಮ್ಮನವರು ಮನಸ್ಸು ಮಾಡಿದ್ದರೆ ಬೀಗ ಹಾಕಿಸಬಹುದಿತ್ತು, ಗುಡಿ ಅವರದೇ ಆಗಿತ್ತಲ್ಲ. ಹಾಗೆ ಮಾಡದೆ ಜನ ಎರಡೂ ಕಡೆಯ ಹಾಡು ಕೇಳಿ ತೀರ್ಮಾನಿಸಲಿ ಎಂದು ಬಿಟ್ಟದ್ದು ನನಗೆ ಬಹಳ ಇಷ್ಟದ ಸಂಗತಿ. ಸುಮಾರು 1940ರ ಹೊತ್ತಿಗೆ ಸಂಧಾನವಾಗಿ ಬಣಗಳು ಒಂದಾದವು, ಹೆಂಗಸರೂ ಆರಾಧನೆಯ ಸಭೆಯೊಳಗೆ ಬಂದರು.

ಚೆನ್ನೈನ ಇತಿಹಾಸಕಾರ ವಿ. ಶ್ರೀರಾಮ್ ಅವರು 2007ರಲ್ಲಿ ಇವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅದನ್ನು ಓದಿದವರು ಇವರನ್ನು ಬಂಡಾಯಗಾರ್ತಿ ಎಂದು ಕರೆಯುತ್ತಾರೆ. ನನಗೆ ಆ ಹಣೆಪಟ್ಟಿಯ ಬಗ್ಗೆ ಸ್ವಲ್ಪ ಅನುಮಾನ. ಅವರು ಮಡಿ ಬಿಡಲಿಲ್ಲ, ಪೂಜೆ ಬಿಡಲಿಲ್ಲ, ಶಾಸ್ತ್ರ ಬಿಡಲಿಲ್ಲ. ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ಬರೆದರು. ಕೊನೆಗಾಲದಲ್ಲಿ ಮದರಾಸಿನ ಮನೆ ಬಿಟ್ಟು ತಿರುವಯ್ಯಾರಿನಲ್ಲೇ ನೆಲೆಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಸಂಪ್ರದಾಯಸ್ಥೆ. ಸಂಪ್ರದಾಯದೊಳಗೆ ತನಗೆ ಸಲ್ಲಬೇಕಾದ ಪಾಲನ್ನು ಕೇಳಿದರು, ಕೊಡದಿದ್ದಾಗ ತಾವೇ ಬರೆಸಿಕೊಂಡರು. ನಿರೀಕ್ಷೆ ಮುರಿಯುವುದೆಂದರೆ ಕೆಲಸ ಬಿಟ್ಟು ಗುಡ್ಡ ಹತ್ತುವುದು, ಎಲ್ಲ ತೊರೆದು ಇನ್ನೊಂದು ಊರಿಗೆ ಹೋಗಿ ಹೊಸ ಹೆಸರಿಟ್ಟುಕೊಳ್ಳುವುದು ಎಂಬ ಚಿತ್ರ ಈಗ ಎಲ್ಲರ ತಲೆಯಲ್ಲಿದೆ. ಅದೂ ಒಂದು ಬಗೆ ಇರಬಹುದು. ಆದರೆ ಹೊರಟು ಹೋಗುವುದಕ್ಕೆ ಎಲ್ಲರಿಗೂ ಹಾದಿಖರ್ಚು ಇರುವುದಿಲ್ಲ. ಇದ್ದವರೆಲ್ಲ ಹೊರಡಲೇಬೇಕೆಂದೂ ಇಲ್ಲ. ನಾಲ್ಕು ಜನರ ನಡುವೆಯೇ ಕೂತು, ಅವರ ಭಾಷೆಯಲ್ಲೇ ಅವರ ಪುಸ್ತಕದ ಪುಟ ತೆರೆದು ತೋರಿಸುವವರೂ ಬೇಕು. ಆ ಕೆಲಸಕ್ಕೆ ವಿದ್ಯೆ ಬೇಕು, ಸ್ವಂತ ದುಡಿಮೆ ಬೇಕು, ಬಹಳ ತಾಳ್ಮೆ ಬೇಕು. ಈ ಸಭೆಯಲ್ಲಿ ಕೂತ ಕಾಲೇಜು ಹುಡುಗಿಯರು ಗಾಯನ ಕಲಿಯದಿದ್ದರೂ ಚಿಂತೆಯಿಲ್ಲ, ತಮ್ಮ ಹೆಸರಿನ ಪಾಸ್‌ಬುಕ್ಕನ್ನೂ ಮನೆಯ ಪತ್ರಗಳನ್ನೂ ಓದಲು ಕಲಿಯಲಿ ಎಂದು ನಾನು ಬಯಸುತ್ತೇನೆ. ಸಂಗೀತಗಾರರು ಕ್ಷಮಿಸಬೇಕು.

ನಾಗರತ್ನಮ್ಮನವರು 1952ರ ಮೇ 19ರಂದು ತೀರಿಕೊಂಡರು. ಅದೇ ವರ್ಷ ವಾವಿಳ್ಳದವರು ‘ರಾಧಿಕಾ ಸಾಂತ್ವನಮು’ವನ್ನು ಮತ್ತೆ ಅಚ್ಚುಹಾಕಿದರು. ತ್ಯಾಗರಾಜರ ಗುಡಿಯ ಬದಿಯಲ್ಲೇ ಇವರ ಸಮಾಧಿಯಿದೆ. ಆಸ್ತಿಯನ್ನೆಲ್ಲ ಗುಡಿಗೆ ಬರೆದಿಟ್ಟ ಮರಣಶಾಸನದಲ್ಲಿ ಒಂದು ಕರಾರು ಹಾಕಿದ್ದರು: ಆ ಸನ್ನಿಧಿಯಲ್ಲಿ ಪೂಜೆ ಸಲ್ಲಿಸುವುದಕ್ಕೂ ಹಾಡುವುದಕ್ಕೂ ಹೆಂಗಸರಿಗೆ, ದೇವದಾಸಿಯರೂ ಸೇರಿದಂತೆ, ಹಕ್ಕು ಇರಬೇಕು ಎಂದು. ಹೆಂಗಸರು ಎಂದು ಬರೆದು ನಿಲ್ಲಿಸಿದ್ದರೆ ಸಾಕಾಗುತ್ತಿತ್ತು, ಯಾರೂ ತಕರಾರು ಎತ್ತುತ್ತಿರಲಿಲ್ಲ. 1947ರ ಕಾಯಿದೆ ಬಂದ ಮೇಲೆ ದೇವದಾಸಿ ಎಂಬ ಹೆಸರು ಹೇಳಿಕೊಳ್ಳುವುದು ಯಾರಿಗೂ ಬೇಡವಾಗಿತ್ತು. ಅವರ ಕುಲದ ಮಕ್ಕಳೇ ಇನಿಷಿಯಲ್ಲು ಬದಲಿಸಿಕೊಂಡು, ತಾಯಿಯ ಊರಿನ ಹೆಸರು ತೆಗೆದುಹಾಕಿ, ಸಭಾಗಳ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತಿದ್ದ ಕಾಲವದು. ಅವರನ್ನು ದೂರಲಾಗದು. ಇವರು ಮಾತ್ರ ಆ ಹೆಸರನ್ನು ಛಾಪಾ ಕಾಗದದ ಮೇಲೆ ಬರೆಸಿ, ಕೆಳಗೆ ರುಜು ಹಾಕಿದರು.